ತಲೆಯ ಬೋಳು ಮಚ್ಚೆ: ಬುಡ ಸಾಯುವ ಮೊದಲೇ ಬನ್ನಿ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಉಚಿತ ಆರೋಗ್ಯ ತಪಾಸಣಾ ಶಿಬಿರದಲ್ಲಿ ಚರ್ಮರೋಗ ವೈದ್ಯರು ಮಾಡಿದ ಭಾಷಣ. ಸದಸ್ಯರ ಅಪೇಕ್ಷೆಯಂತೆ ಈ ಸಂಚಿಕೆಗಾಗಿ ಬರೆದುಕೊಟ್ಟಿದ್ದಾರೆ.)



ಒಂದು ಸಂಘ ಇಪ್ಪತ್ತೈದು ವರ್ಷ ಒಂದು ಹೊತ್ತೂ ತಪ್ಪದೆ ಹಾಲು ಅಳೆಯುವುದು ಸಣ್ಣ ಮಾತಲ್ಲ. ಅದಕ್ಕಾಗಿ ನಿಮ್ಮೆಲ್ಲರನ್ನೂ ಹೃತ್ಪೂರ್ವಕವಾಗಿ ಅಭಿನಂದಿಸುತ್ತೇನೆ.

ಕಾರ್ಯದರ್ಶಿಗಳು ನನ್ನ ಹತ್ತಿರ ಬಂದು, "ಡಾಕ್ಟ್ರೇ, ಹೋದ ಸಲ ಶಿಬಿರದಲ್ಲಿ ಹೆಂಗಸರು ಹೆಚ್ಚಾಗಿ ಕೇಳಿದ್ದು ಕೂದಲು ಉದುರೋದರ ಬಗ್ಗೆ. ಅದನ್ನೇ ಮಾತಾಡಿ" ಅಂದರು. ಬೆಳ್ಳಿಹಬ್ಬದ ವೇದಿಕೆಯಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡದ ಬಗ್ಗೆ ಮಾತಾಡುವುದು ಬಿಟ್ಟು ಕೂದಲಿನ ವಿಷಯವೇ ಎಂದು ಮೊದಲು ನನಗೂ ಅನ್ನಿಸಿತು. ಆಮೇಲೆ ನಮ್ಮ ದೊಡ್ಡಮ್ಮ ನೆನಪಾದರು. ಇದನ್ನೇ ಮಾತಾಡಬೇಕು ಅಂತ ನಿಶ್ಚಯಿಸಿದೆ.

ನಮ್ಮ ದೊಡ್ಡಮ್ಮ, ಅಂದ್ರೆ ನಮ್ಮ ತಾಯಿಯ ಅಕ್ಕ, ಯಾವಾಗಲೂ ತಲೆಯ ಮೇಲೆ ಸೆರಗು ಹೊದ್ದೇ ಇರುತ್ತಿದ್ದರು. ಹಾಲು ಕರೆಯುವಾಗಲೂ ಸರಿ, ಒಲೆ ಮುಂದೆ ಕೂತಾಗಲೂ ಸರಿ, ರಾತ್ರಿ ಮಲಗುವಾಗಲೂ ಸರಿ, ಸೆರಗು ಜಾರಲು ಬಿಡುತ್ತಿರಲಿಲ್ಲ. ನಾವು ಮಕ್ಕಳು ಅದನ್ನು ಹಿಂದಿನ ಕಾಲದ ಮರ್ಯಾದೆ ಅಂದುಕೊಂಡಿದ್ದೆವು. ನಾನು ಚರ್ಮರೋಗದ ಓದು ಮುಗಿಸಿ ಊರಿಗೆ ಬಂದಾಗ ಒಂದು ದಿನ ನನ್ನೊಬ್ಬನನ್ನೇ ಒಳಕ್ಕೆ ಕರೆದು ಸೆರಗು ಸರಿಸಿ ತೋರಿಸಿದರು. ನೆತ್ತಿಯಲ್ಲಿ ಅಂಗೈಯಗಲ ಕೂದಲೇ ಇಲ್ಲ. ಚರ್ಮ ನಡುವೆ ಬೆಳ್ಳಗೆ, ಅಂಚಿನಲ್ಲಿ ಕಪ್ಪಗೆ, ಮಧ್ಯೆ ಮೇಣ ಸವರಿದ ಹಾಗೆ ಹೊಳೆಯುತ್ತಿತ್ತು. ಪರೀಕ್ಷೆಗಾಗಿ ನಾನು ಓದಿದ್ದ ಕಾಯಿಲೆ ಅಷ್ಟು ವರ್ಷ ನಮ್ಮ ಮನೆಯಲ್ಲೇ ಸೆರಗಿನ ಕೆಳಗೆ ಇತ್ತು. ಔಷಧಿ ಕೊಟ್ಟೆ. ಅಂಚಿನ ಕೆಂಪು, ಉರಿ ನಿಂತಿತು. ಕೂದಲು ಬರಲಿಲ್ಲ. "ಇಷ್ಟೇ ಮಾತ್ರೆಗೆ ನಿಲ್ಲೋದಾಗಿದ್ರೆ, ಆಗಲೇ ಯಾರೂ ಹೇಳಲಿಲ್ಲವಲ್ಲ ಮಗ" ಅಂದರು ದೊಡ್ಡಮ್ಮ. ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಇವತ್ತಿನ ಭಾಷಣ ಆ ಮಾತಿಗೆ ಉತ್ತರ ಅಂತ ತಿಳಿಯಿರಿ.

ಎಲ್ಲ ಉದುರುವಿಕೆಯೂ ಒಂದೇ ಅಲ್ಲ

ಮೊದಲು ಧೈರ್ಯದ ಮಾತು ಹೇಳುತ್ತೇನೆ. ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಬಾಚಣಿಗೆಯಲ್ಲಿ ನಾಲ್ಕು ಕೂದಲು ಕಂಡರೆ ಗಾಬರಿ ಬೇಡ. ಹೆರಿಗೆಯಾಗಿ ಎರಡು ಮೂರು ತಿಂಗಳಿಗೆ, ಡೆಂಗ್ಯೂ, ಟೈಫಾಯ್ಡ್‌ನಂಥ ಜ್ವರದ ಮೇಲೆ, ರಕ್ತ ಕಡಿಮೆಯಾದಾಗ, ಥೈರಾಯ್ಡ್ ಏರುಪೇರಾದಾಗ ಕೂದಲು ಕೈತುಂಬ ಬರುತ್ತದೆ. ಕಾರಣ ಸರಿಹೋದರೆ ಅದು ಮತ್ತೆ ಬೆಳೆಯುತ್ತದೆ. ಗಂಡಸರ ಹಣೆ ಹಿಂದೆ ಸರಿಯುವುದು ವಂಶದಿಂದ ಬಂದದ್ದು. ಅದು ಬೇರೆ ಕಥೆ. ಇನ್ನು "ಹುಳ ತಿಂದಿದೆ" ಅಂತೀರಲ್ಲ, ರೂಪಾಯಿಯಗಲ ದುಂಡಗೆ ಕೂದಲು ಹೋಗಿ ಚರ್ಮ ಮಾತ್ರ ನುಣ್ಣಗೆ ಆರೋಗ್ಯವಾಗಿರುತ್ತೆ, ಅದರಲ್ಲಿ ಯಾವ ಹುಳವೂ ಇಲ್ಲ. ನಮ್ಮ ದೇಹದ ರಕ್ಷಣಾ ಶಕ್ತಿಯೇ ತಪ್ಪು ತಿಳಿದು ಕೂದಲಿನ ಮೇಲೆ ಬೀಳುವುದರಿಂದ ಅದು ಬರುತ್ತದೆ. ಅದರಲ್ಲೂ ಕೂದಲು ಮರಳಿ ಬರುವ ದಾರಿ ಇದೆ.

ನಾನು ಹೇಳಹೊರಟಿರುವುದು ಇವೆಲ್ಲಕ್ಕಿಂತ ವಿರಳವಾದ, ಆದರೆ ಇವೆಲ್ಲಕ್ಕಿಂತ ಕೆಟ್ಟದ್ದು. ಇದರಲ್ಲಿ ಕೂದಲಿನ ಬುಡವೇ ಸತ್ತು, ಆ ಜಾಗದಲ್ಲಿ ಗಾಯ ಮಾಗಿದ ಹಾಗೆ ಕಲೆ ಕಟ್ಟುತ್ತದೆ. ಕಲೆಗಟ್ಟುವ ಬೋಳು ಎಂದು ಕರೆಯೋಣ.

ವ್ಯತ್ಯಾಸ ಏನು ಅಂತ ನಿಮ್ಮ ಹಿತ್ತಲಿನ ಉದಾಹರಣೆಯಲ್ಲೇ ಹೇಳುತ್ತೇನೆ. ಸೀಮೆಹುಲ್ಲು ಕೊಯ್ದರೆ ಏನಾಗುತ್ತೆ? ಬುಡ ಗಟ್ಟಿಯಾಗಿದ್ದರೆ ನೀರು ಬಿಟ್ಟ ಮೇಲೆ ಮತ್ತೆ ಚಿಗುರುತ್ತೆ. ಬುಡಕ್ಕೇ ಗೆದ್ದಲು ಹತ್ತಿ ಗುಳಿ ಖಾಲಿಯಾದರೆ ಎಷ್ಟು ಗೊಬ್ಬರ ಹಾಕಿದರೇನು? ಮೊದಲು ಹೇಳಿದ ಕಾಯಿಲೆಗಳೆಲ್ಲ ಕೊಯ್ದ ಹುಲ್ಲು. ಇದು ಬುಡ ಹೋದ ಹುಲ್ಲು.

ಬುಡದಲ್ಲಿ ಏನಾಗುತ್ತದೆ

ಪ್ರತಿಯೊಂದು ಕೂದಲೂ ಚರ್ಮದೊಳಗೆ ಒಂದು ಸಣ್ಣ ಕೊಳವೆಯಲ್ಲಿ ಕೂತಿದೆ. ಇದನ್ನು ರೋಮಕೂಪ ಎನ್ನುತ್ತಾರೆ. ಕೂದಲು ಕೆಲವು ವರ್ಷ ಬೆಳೆಯುತ್ತದೆ, ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಆಮೇಲೆ ವಿಶ್ರಾಂತಿ ಪಡೆದು ಉದುರುತ್ತದೆ, ಅದೇ ಕೂಪದಲ್ಲಿ ಹೊಸದು ಹುಟ್ಟುತ್ತದೆ. ಹೊಸದನ್ನು ಹುಟ್ಟಿಸುವ ಮೂಲಕೋಶಗಳು, ಅಂದ್ರೆ ಬಿತ್ತನೆ ಬೀಜ ಅನ್ನಿ, ತೀರಾ ತಳದಲ್ಲಿವೆ ಅಂತ ವಿಜ್ಞಾನಿಗಳು ಬಹಳ ಕಾಲ ತಿಳಿದಿದ್ದರು. 1990ರಲ್ಲಿ ಅಮೆರಿಕದ ಕಾಟ್ಸರೆಲಿಸ್, ಸುನ್, ಲಾವ್ಕರ್ ಎಂಬ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ಮಾಡಿ, ಅವು ತಳದಲ್ಲಲ್ಲ, ಕೂಪದ ಮೇಲುಭಾಗದಲ್ಲಿ, ಎಣ್ಣೆಗ್ರಂಥಿಯ ಹತ್ತಿರದ ಒಂದು ಉಬ್ಬಿನಲ್ಲಿವೆ ಎಂದು ತೋರಿಸಿದರು.

ಇದರಿಂದ ಒಂದು ದೊಡ್ಡ ಒಗಟು ಬಿಡಿಸಿತು. "ಹುಳ ತಿಂದ" ಕಾಯಿಲೆಯಲ್ಲಿ ಉರಿಯೂತ ತಳದ ಸುತ್ತ ಇರುತ್ತದೆ, ಬೀಜ ಉಳಿಯುತ್ತದೆ, ಕೂದಲು ಮರಳುತ್ತದೆ. ಕಲೆಗಟ್ಟುವ ಬೋಳಿನಲ್ಲಿ ಉರಿಯೂತ ನೇರವಾಗಿ ಆ ಉಬ್ಬಿನ ಮೇಲೇ ಬೀಳುತ್ತದೆ. ಬೀಜ ಸತ್ತಿತು ಅಂದರೆ ಕೂಪ ಮುಚ್ಚಿ ನಾರಿನಂಥ ಅಂಗಾಂಶ ತುಂಬುತ್ತದೆ. ಅಲ್ಲಿಗೆ ಮುಗಿಯಿತು.

ನಿಮಗೆ ಇದು ಹೊಸದಲ್ಲ. ಹಸುವಿಗೆ ಕೆಚ್ಚಲು ಬಾವು ಬಂದಾಗ ಏನು ಮಾಡ್ತೀರಿ? ಅವತ್ತೇ ಪಶು ವೈದ್ಯರಿಗೆ ಹೇಳಿ ಕಳಿಸ್ತೀರಿ. ಯಾಕೆ? ತಡವಾದರೆ ಒಳಗೆ ಗಂಟುಗಟ್ಟಿ ಆ ಮೊಲೆ ಬತ್ತಿಹೋಗುತ್ತೆ, ಮತ್ತೆ ಹಾಲು ಇಳಿಯೋದಿಲ್ಲ ಅಂತ ನಿಮಗೆ ಗೊತ್ತು. ಒಳಗೆ ನಡೆಯುವ ಕೆಲಸ ಎರಡರಲ್ಲೂ ಒಂದೇ ತರಹದ್ದು. ಉರಿಯೂತ, ಆಮೇಲೆ ನಾರು, ಆಮೇಲೆ ಬತ್ತುವುದು. ಹಸುವಿನ ವಿಷಯದಲ್ಲಿ ಒಂದು ದಿನ ತಡಮಾಡದ ನಾವು ಮನೆಯ ಹೆಣ್ಣುಮಗಳ ತಲೆಯ ವಿಷಯದಲ್ಲಿ ಎರಡು ವರ್ಷ ಎಣ್ಣೆ ಹಚ್ಚಿಕೊಂಡು ಕೂರುತ್ತೇವೆ. ತಪ್ಪು ತಿಳಿಯಬೇಡಿ, ನಮ್ಮ ಮನೆಯಲ್ಲೂ ಹಾಗೇ ಆಯಿತು.

ಕಾರಣಗಳು

ಈ ಗುಂಪಿನಲ್ಲಿ ಒಂದಲ್ಲ, ಹಲವು ಕಾಯಿಲೆಗಳಿವೆ. ಕೆಲವು ನೇರವಾಗಿ ಕೂಪದ ಮೇಲೇ ದಾಳಿ ಮಾಡುವಂಥವು. ಕೆಲವು ಬೇರೆ ಕಾರಣದಿಂದ ಚರ್ಮವೇ ಹಾಳಾಗಿ, ಜೊತೆಗೆ ಕೂದಲೂ ಹೋಗುವಂಥವು. ನಮ್ಮ ಕಡೆ ಕಾಣುವ ಮುಖ್ಯವಾದವನ್ನು ಹೇಳುತ್ತೇನೆ.

ಒಂದನೆಯದು ನಮ್ಮ ದೊಡ್ಡಮ್ಮನಿಗಿದ್ದದ್ದು, ಡಿಸ್ಕಾಯ್ಡ್ ಲೂಪಸ್. ಲೂಪಸ್ ಅಂದರೆ ಲ್ಯಾಟಿನ್ ಭಾಷೆಯಲ್ಲಿ ತೋಳ. ತೋಳ ಕಚ್ಚಿದಂಥ ಗಾಯ ಅಂತ ಹಿಂದಿನವರು ಇಟ್ಟ ಹೆಸರು. ದೇಹದ ರಕ್ಷಣಾ ಶಕ್ತಿ ತನ್ನ ಚರ್ಮವನ್ನೇ ಶತ್ರು ಎಂದು ತಿಳಿಯುತ್ತದೆ. ಬಿಸಿಲು ಬಿದ್ದರೆ ಹೆಚ್ಚುತ್ತದೆ. ಹೆಂಗಸರಲ್ಲಿ ಜಾಸ್ತಿ. ತಲೆ, ಕೆನ್ನೆ, ಮೂಗು, ಕಿವಿಯ ಒಳಗುಳಿ, ತುಟಿ ಇದರ ಜಾಗಗಳು. ಮೊದಲು ಕೆಂಪಗೆ, ಹೊಟ್ಟು ಕಚ್ಚಿಕೊಂಡು ಇರುತ್ತದೆ. ಆಮೇಲೆ ನಡುವೆ ಬಿಳುಪು, ಅಂಚಿನಲ್ಲಿ ಕಪ್ಪು. ಹೆಚ್ಚಿನವರಲ್ಲಿ ಚರ್ಮದಲ್ಲೇ ನಿಲ್ಲುತ್ತದೆ. ಕೆಲವರಲ್ಲಿ ಮಾತ್ರ ಕೀಲು, ಮೂತ್ರಪಿಂಡದವರೆಗೆ ಹೋಗಬಹುದು. ಹಾಗಾಗಿ ರಕ್ತ, ಮೂತ್ರ ಪರೀಕ್ಷೆ ಬೇಕೇ ಬೇಕು.

ಎರಡನೆಯದು ಲೈಕೆನ್ ಪ್ಲಾನೋಪೈಲಾರಿಸ್. ಹೆಸರು ದೊಡ್ಡದು, ಗುರುತು ಸುಲಭ. ನೆತ್ತಿಯಲ್ಲಿ ತುರಿಕೆ, ಉರಿ, ಮುಟ್ಟಿದರೆ ನೋವು. ಒಂದೊಂದು ಕೂದಲಿನ ಬುಡದ ಸುತ್ತ ಕೆಂಪು, ಕೊರಳಿಗೆ ಪಟ್ಟಿ ಕಟ್ಟಿದ ಹಾಗೆ ಹೊಟ್ಟು. ಇದನ್ನು ಎಲ್ಲರೂ "ಹೊಟ್ಟಿರಬೇಕು" ಅಂತ ಶಾಂಪೂ ಹಾಕಿ ತಿಂಗಳುಗಟ್ಟಲೆ ಕಳೆಯುತ್ತಾರೆ. ಇದೇ ಜಾತಿಯ ಇನ್ನೊಂದು ಬಗೆಯಲ್ಲಿ, ಮುಟ್ಟು ನಿಂತ ಹೆಂಗಸರ ಮುಂದಲೆಯ ಕೂದಲ ಸಾಲು ಪಟ್ಟಿಯಂತೆ ಹಿಂದೆ ಸರಿಯುತ್ತದೆ, ಹುಬ್ಬೂ ತೆಳುವಾಗುತ್ತದೆ. ಆಸ್ಟ್ರೇಲಿಯಾದ ಡಾ. ಕೊಸಾರ್ಡ್ ಇದನ್ನು ಮೊದಲು ವಿವರಿಸಿದ್ದು 1994ರಲ್ಲಿ. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಕಲೆಗಟ್ಟುವ ಬೋಳಿಗೆ ಹೆಚ್ಚಾಗಿ ಸಿಗುವ ಕಾರಣಗಳು ಲೂಪಸ್ ಮತ್ತು ಲೈಕೆನ್, ಇವೆರಡೇ.

ಮೂರನೆಯದು ಮಕ್ಕಳದ್ದು, ನಿಮ್ಮ ಕೊಟ್ಟಿಗೆಗೂ ಸಂಬಂಧಪಟ್ಟದ್ದು. ಕರುವಿನ ಕಣ್ಣಿನ ಸುತ್ತ, ಮುಖದ ಮೇಲೆ, ಕೊರಳಲ್ಲಿ ಬೂದುಬಣ್ಣದ ದಪ್ಪ ಹಕ್ಕಳೆ ಕಟ್ಟುವುದನ್ನು ನೋಡಿದ್ದೀರಿ. ಅದು ಟ್ರೈಕೋಫೈಟಾನ್ ವೆರುಕೋಸಮ್ ಎಂಬ ಬೂಷ್ಟು, ನಾವು ಹುಳುಕಡ್ಡಿ ಅನ್ನುವ ಜಾತಿಯದು. ಕರುವನ್ನು ತಬ್ಬಿ ಆಡುವ ಮಕ್ಕಳಿಗೆ ಅದು ಹತ್ತುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಹತ್ತುವ ಬೂಷ್ಟುಗಳೂ ಇವೆ; ಒಂದೇ ಬಾಚಣಿಗೆ, ಒಂದೇ ಟೋಪಿ, ಒಂದೇ ದಿಂಬು ಸಾಕು. ಕೆಲವು ಮಕ್ಕಳಲ್ಲಿ ತಲೆಯ ಮೇಲೆ ಮೆತ್ತಗೆ ಊದಿ, ಜೇನುಹುಟ್ಟಿನ ಹಾಗೆ ತೂತುತೂತಾಗಿ ಕೀವು ಸೋರುತ್ತದೆ, ಕೂದಲು ಎಳೆದರೆ ನೋವಿಲ್ಲದೆ ಕಿತ್ತು ಬರುತ್ತದೆ. ಇದಕ್ಕೆ ಕೀರಿಯಾನ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಜೇನುಹುಟ್ಟು ಎಂದೇ ಅರ್ಥ.

ಇಲ್ಲಿ ನನ್ನ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು. ನಾನಿನ್ನೂ ಚರ್ಮರೋಗ ಓದದೆ ಬರೀ ಎಂ.ಬಿ.ಬಿ.ಎಸ್. ಮುಗಿಸಿ ಕೆಲಸ ಮಾಡುತ್ತಿದ್ದಾಗ ಒಂಬತ್ತು ವರ್ಷದ ಹುಡುಗನೊಬ್ಬನನ್ನು ಇದೇ ತರಹದ ಊತಕ್ಕೆ ಕರೆತಂದಿದ್ದರು. ಕುರು ಅಂದುಕೊಂಡು ಕುಯ್ದೆ, ಕೀವಿನ ಮಾತ್ರೆ ಕೊಟ್ಟೆ. ವಾಸಿಯಾಗಲಿಲ್ಲ. ಮತ್ತೆ ಕುಯ್ದೆ. ಎರಡು ತಿಂಗಳಾದ ಮೇಲೆ ಹಿರಿಯ ವೈದ್ಯರೊಬ್ಬರು ನೋಡಿ, "ಮನೆಯಲ್ಲಿ ಕರು ಇದೆಯೇನಪ್ಪಾ?" ಎಂದು ಹುಡುಗನನ್ನು ಕೇಳಿದರು. ಆ ಒಂದು ಪ್ರಶ್ನೆಯನ್ನು ನಾನು ಕೇಳಿರಲಿಲ್ಲ. ಬೂಷ್ಟಿನ ಮಾತ್ರೆಯಿಂದ ವಾಸಿಯಾಯಿತು. ಆದರೆ ಐದು ರೂಪಾಯಿ ನಾಣ್ಯದಷ್ಟಗಲ ಕೂದಲು ಶಾಶ್ವತವಾಗಿ ಹೋಗಿತ್ತು. ಈಗ ಅವನು ದೊಡ್ಡವನಾಗಿದ್ದಾನೆ, ಎದುರು ಸಿಕ್ಕರೆ ನಗುತ್ತಾ ನಮಸ್ಕಾರ ಮಾಡುತ್ತಾನೆ. ನನ್ನ ಕಣ್ಣು ಮಾತ್ರ ಮೊದಲು ಆ ಕಲೆಯ ಮೇಲೇ ಹೋಗುತ್ತದೆ.

ನಾಲ್ಕನೆಯದು ಕೀವುಗುಳ್ಳೆಗಳ ಬೋಳು. ಹೆಚ್ಚಾಗಿ ಗಂಡಸರಲ್ಲಿ, ನೆತ್ತಿಯಲ್ಲಿ ಅಥವಾ ಹಿಂದಲೆಯಲ್ಲಿ ಪದೇ ಪದೇ ಕೀವುಗುಳ್ಳೆ ಎದ್ದು, ಒಂದೇ ತೂತಿನಿಂದ ಐದಾರು ಕೂದಲು ಪೊರಕೆ ಕಡ್ಡಿಯ ಹಾಗೆ ಗುಂಪಾಗಿ ಬರುತ್ತವೆ. ಸುತ್ತ ಬೋಳಾಗುತ್ತದೆ.

ಐದನೆಯದು ನಾವೇ ಮಾಡಿಕೊಳ್ಳುವುದು. ಕೂದಲನ್ನು ಬಿಗಿಯಾಗಿ ಎಳೆದು ಜಡೆ ಹಾಕುವುದು. 1907ರಷ್ಟು ಹಿಂದೆಯೇ ಗ್ರೀನ್‌ಲ್ಯಾಂಡಿನ ಹೆಣ್ಣುಮಕ್ಕಳಲ್ಲಿ ಇದನ್ನು ಗುರುತಿಸಿ ಬರೆದಿದ್ದಾರೆ. ಅವರೂ ಕೂದಲನ್ನು ಬಿಗಿದು ಮೇಲಕ್ಕೆ ಕಟ್ಟುತ್ತಿದ್ದರು. ನಮ್ಮ ಶಾಲೆಗಳಲ್ಲಿ ಎರಡು ಜಡೆ, ರಿಬ್ಬನ್ನು ಕಡ್ಡಾಯ. ತಾಯಂದಿರು ಬೆಳಗಿನ ಗಡಿಬಿಡಿಯಲ್ಲಿ ಹಣೆಯ ಚರ್ಮವೇ ಮೇಲಕ್ಕೆ ಹೋಗುವ ಹಾಗೆ ಎಳೆದು ಕಟ್ಟುತ್ತಾರೆ. ಮದುವೆ ಮನೆಗಳಲ್ಲಿ ಭಾರದ ಚೌರಿ. ಕಪಾಲದ ಪಕ್ಕ, ಕಿವಿಯ ಮೇಲೆ ಕೂದಲು ತೆಳುವಾಗುತ್ತಾ ಬಂದರೆ ಇದೇ ಕಾರಣ ಇರಬಹುದು. ಇದರಲ್ಲಿ ಒಂದು ಸಮಾಧಾನವಿದೆ. ಆರಂಭದಲ್ಲಿ ಬಿಟ್ಟರೆ ಎಲ್ಲವೂ ಮರಳುತ್ತದೆ. ವರ್ಷಗಟ್ಟಲೆ ಎಳೆದರೆ ಮಾತ್ರ ಬುಡ ಸಾಯುತ್ತದೆ.

ಆರನೆಯದು ಸುಟ್ಟಗಾಯ, ಅಪಘಾತ, ಮತ್ತು ಮನೆಮದ್ದಿನ ಅತಿರೇಕ. ಬಿಸಿನೀರು, ಕಾದ ಎಣ್ಣೆ ಬಿದ್ದದ್ದು ಸರಿ, ಅದು ಆಕಸ್ಮಿಕ. ಆದರೆ "ಹುಳ ತಿಂದ" ಜಾಗಕ್ಕೆ ಗೇರೆಣ್ಣೆ ಹಚ್ಚುವುದು, ಬೆಳ್ಳುಳ್ಳಿ ಅರೆದು ರಾತ್ರಿಯಿಡೀ ಕಟ್ಟುವುದು, ಸುಣ್ಣ ಹಚ್ಚುವುದು, ಬರೆ ಹಾಕುವುದು, ಇವು ಚರ್ಮವನ್ನೇ ಸುಡುತ್ತವೆ. ತಾನಾಗಿಯೇ ಕೂದಲು ಬರಬೇಕಾಗಿದ್ದ ಜಾಗ ಶಾಶ್ವತವಾಗಿ ಬೋಳಾಗುತ್ತದೆ. ಹಾಗೆ ಬಂದವರನ್ನು ನೋಡಿದಾಗ ನನಗೆ ತುಂಬಾ ಸಂಕಟವಾಗುತ್ತದೆ.

ಮುಡಿ ಕೊಟ್ಟರೆ ಕೂದಲು ಒತ್ತಾಗಿ ಬರುತ್ತಾ ಅಂತ ಬಹಳ ಜನ ಕೇಳುತ್ತಾರೆ. ಮುಡಿ ಕೊಡುವುದು ಭಕ್ತಿಯ ವಿಷಯ, ಕೊಡಿ. ಕತ್ತಿ ತಾಗುವುದು ಹೊರಗಿನ ಕೂದಲಿಗೆ ಮಾತ್ರ. ಒಳಗಿನ ಬುಡ ಇದ್ದ ಹಾಗೇ ಇರುತ್ತದೆ. ನಮ್ಮ ದೊಡ್ಡಮ್ಮನೂ ಎರಡು ಸಲ ಮುಡಿ ಕೊಟ್ಟಿದ್ದರು. ಸುತ್ತ ಬಂತು, ಮಚ್ಚೆಯಲ್ಲಿ ಬರಲಿಲ್ಲ.

ಪತ್ತೆ ಹಚ್ಚುವುದು ಹೇಗೆ

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಹೇಳಿಕೊಡುತ್ತೇನೆ. ಹಗಲು ಬೆಳಕಿನಲ್ಲಿ, ಜಗಲಿಯ ಮೇಲೆ ಕೂರಿಸಿಕೊಂಡು, ಬೋಳು ಜಾಗವನ್ನು ಹತ್ತಿರದಿಂದ ನೋಡಿ. ಸಾಸಿವೆಗಿಂತ ಸಣ್ಣ ಚುಕ್ಕಿಗಳು, ಅಂದ್ರೆ ಕೂಪದ ಬಾಯಿಗಳು, ಕಾಣುತ್ತವೆಯೇ? ಕಂಡರೆ ಬುಡ ಇನ್ನೂ ಇದೆ. ಚುಕ್ಕಿಗಳೇ ಇಲ್ಲದೆ ಚರ್ಮ ನಯವಾಗಿ ಹೊಳೆಯುತ್ತಿದೆಯೇ? ಬಣ್ಣ ಬದಲಾಗಿದೆಯೇ? ತುರಿಕೆ, ಉರಿ, ಕೀವು, ಹಕ್ಕಳೆ ಇದೆಯೇ? ಇವುಗಳಲ್ಲಿ ಒಂದಿದ್ದರೂ ಎಣ್ಣೆ ಬದಲಾಯಿಸುತ್ತಾ ಕೂರಬೇಡಿ. ಆ ವಾರವೇ ಚರ್ಮರೋಗ ವೈದ್ಯರ ಹತ್ತಿರ ಹೋಗಿ.

ಅಲ್ಲಿ ಏನು ಮಾಡುತ್ತಾರೆ? ಮೊದಲು ಕೇಳುತ್ತಾರೆ: ಯಾವಾಗಿನಿಂದ, ಏನು ಹಚ್ಚಿದಿರಿ, ಮನೆಯಲ್ಲಿ ಇನ್ಯಾರಿಗಾದರೂ ಇದೆಯೇ. ಮುಚ್ಚಿಡದೆ ಹೇಳಿ. ಆಮೇಲೆ ತಲೆಯ ಜೊತೆ ಕಿವಿ, ಬಾಯಿಯ ಒಳಗು, ಉಗುರು, ಮೈ ಎಲ್ಲ ನೋಡುತ್ತಾರೆ. "ತಲೆ ತೋರಿಸಕ್ಕೆ ಬಂದ್ರೆ ಬಾಯಿ ಯಾಕೆ ತೆರೆಸ್ತಾರೆ" ಅಂತ ಅಂದುಕೊಳ್ಳಬೇಡಿ. ಲೈಕೆನ್ ಇದ್ದರೆ ಕೆನ್ನೆಯ ಒಳಗೆ ಬಿಳಿ ಬಲೆಯಂಥ ಗೆರೆ ಇರಬಹುದು, ಲೂಪಸ್ ಇದ್ದರೆ ಕಿವಿಯ ಗುಳಿಯಲ್ಲಿ ಗುರುತು ಸಿಗಬಹುದು. ಡರ್ಮೋಸ್ಕೋಪ್ ಎಂಬ ಲೈಟಿರುವ ಭೂತಗನ್ನಡಿಯಿಂದ ಕೂಪದ ಬಾಯಿಗಳನ್ನು ದೊಡ್ಡದಾಗಿ ನೋಡುತ್ತಾರೆ. ಅದರಲ್ಲಿ ನೋವೇನೂ ಇಲ್ಲ. ಬೂಷ್ಟಿನ ಅನುಮಾನವಿದ್ದರೆ ಎರಡು ಕೂದಲು, ಸ್ವಲ್ಪ ಹೊಟ್ಟು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.

ಅನುಮಾನ ಉಳಿದರೆ ಬಯಾಪ್ಸಿ. ಈ ಹೆಸರು ಕೇಳಿದರೆ ಜನ ಕ್ಯಾನ್ಸರ್ ಅಂತ ಹೆದರಿ ಎದ್ದು ಹೋಗುತ್ತಾರೆ. ಹೆದರಬೇಡಿ. ಮರಗಟ್ಟುವ ಇಂಜೆಕ್ಷನ್ ಕೊಟ್ಟು 4 ಮಿಲಿಮೀಟರ್ ಅಗಲದ, ಅಂದರೆ ಬಟಾಣಿಗಿಂತ ಚಿಕ್ಕ, ಚರ್ಮದ ತುಂಡು ತೆಗೆದು ಒಂದೆರಡು ಹೊಲಿಗೆ ಹಾಕುತ್ತಾರೆ. ಅದನ್ನು ತೆಗೆಯುವುದು ನಡುವಿನ ಸತ್ತ ಕಲೆಯಿಂದ ಅಲ್ಲ. ಕಾಯಿಲೆ ಇನ್ನೂ ಉರಿಯುತ್ತಿರುವ, ಕೂದಲಿರುವ ಅಂಚಿನಿಂದ. ಯಾಕೆಂದರೆ ಕಲೆ ಪೂರ್ತಿ ಕಟ್ಟಿದ ಮೇಲೆ ಯಾವ ಕಾಯಿಲೆ ಸುಟ್ಟಿತು ಅಂತ ಹೇಳುವುದು ಕಷ್ಟ. ಬೂದಿ ನೋಡಿ ಯಾವ ಸೌದೆ ಎಂದು ಕೇಳಿದ ಹಾಗೆ. ಇದಕ್ಕೂ ಬೇಗ ಬರಬೇಕು. ಉರಿಯೂತದಲ್ಲಿ ಯಾವ ಜಾತಿಯ ರಕ್ತಕಣ ಹೆಚ್ಚು ಎಂಬುದರ ಮೇಲೆ ಈ ಕಾಯಿಲೆಗಳನ್ನು ವಿಂಗಡಿಸುವ ಪದ್ಧತಿ 2001ರಲ್ಲಿ ಅಮೆರಿಕದಲ್ಲಿ ತಜ್ಞರು ಸೇರಿದ ಒಂದು ಕಾರ್ಯಾಗಾರದಲ್ಲಿ ರೂಪುಗೊಂಡಿತು. ಔಷಧಿ ಆರಿಸಲು ಈಗಲೂ ಅದು ದಾರಿ ತೋರಿಸುತ್ತದೆ.

ಚಿಕಿತ್ಸೆ

ಇಲ್ಲಿ ನಾನು ಸುಳ್ಳು ಆಸೆ ಹುಟ್ಟಿಸುವುದಿಲ್ಲ. ಕಲೆ ಕಟ್ಟಿದ ಜಾಗದಲ್ಲಿ ಯಾವ ಮಾತ್ರೆಯಿಂದಲೂ, ಯಾವ ಎಣ್ಣೆಯಿಂದಲೂ ಕೂದಲು ಬರುವುದಿಲ್ಲ. ಚಿಕಿತ್ಸೆಯ ಗುರಿ ಉರಿಯೂತ ನಿಲ್ಲಿಸಿ, ಉಳಿದ ಕೂದಲನ್ನು ಉಳಿಸುವುದು. ಬೆಂಕಿ ಬಿದ್ದ ಬಣವೆಯಲ್ಲಿ ಸುಟ್ಟ ಹುಲ್ಲು ಮರಳದು, ಉಳಿದದ್ದನ್ನು ಉಳಿಸಿಕೊಳ್ಳಬಹುದು.

ಲೂಪಸ್, ಲೈಕೆನ್‌ಗಳಿಗೆ ಶಕ್ತಿಯುತವಾದ ಸ್ಟಿರಾಯ್ಡ್ ಮುಲಾಮು, ಮತ್ತು ಅಂಚಿಗೆ ನಾಲ್ಕರಿಂದ ಆರು ವಾರಕ್ಕೊಮ್ಮೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುತ್ತೇವೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಮಾತ್ರೆ ಬಹಳ ಉಪಯುಕ್ತ. ಈ ಹೆಸರು ನೀವು ಕೇಳಿದ್ದೀರಿ; 2020ರಲ್ಲಿ ಕೊರೋನಾ ಬಂದಾಗ ಜನ ಮುಗಿಬಿದ್ದ ಮಾತ್ರೆ ಇದೇ. ಆಗ ಇದು ಸಿಗದೆ ಲೂಪಸ್ ರೋಗಿಗಳು ಪರದಾಡಿದರು. ಇದರ ಗುಣ ಕಾಣಲು ಎರಡು ಮೂರು ತಿಂಗಳು ಬೇಕು. ತೂಕಕ್ಕೆ ತಕ್ಕಂತೆ, ಕೆ.ಜಿ.ಗೆ ದಿನಕ್ಕೆ 5 ಮಿಲಿಗ್ರಾಂ ಮೀರದಂತೆ ಕೊಡಬೇಕು. ಬಹಳ ವರ್ಷ ತೆಗೆದುಕೊಂಡರೆ ಕಣ್ಣಿನ ಅಕ್ಷಿಪಟಲಕ್ಕೆ ತೊಂದರೆಯಾಗಬಹುದು. ಅದಕ್ಕೇ ಆರಂಭದಲ್ಲಿ ಒಮ್ಮೆ, ಐದು ವರ್ಷದ ನಂತರ ಪ್ರತಿ ವರ್ಷ ಕಣ್ಣು ಪರೀಕ್ಷೆ ಮಾಡಿಸಬೇಕು. ಲೂಪಸ್ ಇದ್ದವರು ಬಿಸಿಲಿನಲ್ಲಿ ತಲೆಗೆ ಬಟ್ಟೆ ಕಟ್ಟಲೇಬೇಕು. ಬೀಡಿ, ಸಿಗರೇಟು ಬಿಡಬೇಕು. ಅದು ಕಾಯಿಲೆಯನ್ನೂ ಹೆಚ್ಚಿಸುತ್ತದೆ, ಔಷಧಿಯ ಗುಣವನ್ನೂ ತಗ್ಗಿಸುತ್ತದೆ. ಹಳೆಯ ಕಲೆಯಲ್ಲಿ ಮಾಯದ ಹುಣ್ಣು ಅಥವಾ ಗಂಟು ಎದ್ದರೆ ತಕ್ಷಣ ತೋರಿಸಿ. ಅಪರೂಪಕ್ಕೆ ಅದು ಕ್ಯಾನ್ಸರ್ ಆಗಬಹುದು.

ಮಕ್ಕಳ ಕೀರಿಯಾನ್‌ಗೆ ಬರೀ ಮುಲಾಮು ಸಾಲದು, ಕೂದಲಿನ ಒಳಗೆ ಅದು ಇಳಿಯುವುದಿಲ್ಲ. ಬೂಷ್ಟಿನ ಮಾತ್ರೆ ಬೇಕು. ಗ್ರೀಸಿಯೋಫಲ್ವಿನ್ ಆದರೆ ಸಾಮಾನ್ಯವಾಗಿ ಆರರಿಂದ ಎಂಟು ವಾರ. ಅದು ಕೊಬ್ಬಿನ ಜೊತೆ ಚೆನ್ನಾಗಿ ಮೈಗೆ ಹತ್ತುತ್ತದೆ, ಹಾಗಾಗಿ ಊಟವಾದ ಮೇಲೆ ಒಂದು ಲೋಟ ಗಟ್ಟಿ ಹಾಲಿನ ಜೊತೆ ಕೊಡಿ. ಎಲ್ಲ ಹಾಲನ್ನೂ ಡೇರಿಗೇ ಹಾಕಬೇಡಿ, ಮಕ್ಕಳಿಗೂ ಸ್ವಲ್ಪ ಉಳಿಸಿ! ಊತವನ್ನು ಕುಯ್ಯಿಸಬೇಡಿ. ಕರುವಿಗೂ ಪಶು ವೈದ್ಯರಿಂದ ಔಷಧಿ ಮಾಡಿಸಿ, ಬೇರೆ ಕಟ್ಟಿಹಾಕಿ, ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಮನೆಯ ಉಳಿದ ಮಕ್ಕಳ ತಲೆಯನ್ನೂ ನೋಡಿ.

ಕೀವುಗುಳ್ಳೆಯ ಬಗೆಗೆ ಹಲವು ವಾರಗಳ ಕಾಲ ಆಂಟಿಬಯಾಟಿಕ್ ಬೇಕಾಗುತ್ತದೆ. ಅದರಲ್ಲಿ ಬಳಸುವ ರಿಫಾಂಪಿಸಿನ್ ಕ್ಷಯಕ್ಕೂ ಕೊಡುವ ಔಷಧಿ. ಅದನ್ನು ವೈದ್ಯರು ಹೇಳದೆ ಅಂಗಡಿಯಿಂದ ತರಬಾರದು. ಮೆಡಿಕಲ್ ಶಾಪಿನಲ್ಲಿ "ತುರಿಕೆಗೆ ಏನಾದ್ರೂ ಕೊಡಿ" ಅಂತ ಕೇಳಿ ತರುವ ಬೆರಕೆ ಮುಲಾಮುಗಳದ್ದೂ ಅದೇ ಕಥೆ. ಬೂಷ್ಟಿನ ಮೇಲೆ ಸ್ಟಿರಾಯ್ಡ್ ಹಚ್ಚಿದರೆ ಮೇಲೆ ಕಡಿಮೆಯಾದಂತೆ ಕಂಡು ಒಳಗೆ ಹಬ್ಬುತ್ತದೆ.

ಕೂದಲು ನಾಟಿ ಮಾಡಿಸಬಹುದಲ್ಲ ಅಂತ ಟಿ.ವಿ. ಜಾಹೀರಾತು ನೋಡಿದವರು ಕೇಳುತ್ತಾರೆ. ಸುಟ್ಟಗಾಯದ ಕಲೆಗೆ ಅದು ಆಗಬಹುದು. ಲೂಪಸ್, ಲೈಕೆನ್‌ಗಳಲ್ಲಿ ಕಾಯಿಲೆ ಪೂರ್ತಿ ಶಾಂತವಾಗಿ ಒಂದೆರಡು ವರ್ಷ ಆಗುವವರೆಗೆ ಕಾಯಬೇಕು. ಆಗಲೂ ಕಾಯಿಲೆ ಮತ್ತೆ ಕೆರಳಿ ನಾಟಿ ಮಾಡಿದ ಪೈರನ್ನೂ ತಿನ್ನಬಹುದು. ಸಾಲ ಮಾಡಿ ದುಡ್ಡು ಕಟ್ಟುವ ಮೊದಲು ಇದನ್ನು ಯೋಚಿಸಿ. ಬೈತಲೆ ಬದಲಿಸುವುದು, ವಿಗ್, ಬಟ್ಟೆ ಇವು ಯಾವುದೂ ನಾಚಿಕೆಯ ವಿಷಯವಲ್ಲ.

ಕೊನೆಯ ಮಾತು

ಕೆಲವು ವರ್ಷಗಳ ಹಿಂದೆ ತಾಯಿಯೊಬ್ಬರು ಇಪ್ಪತ್ತೆರಡು ವರ್ಷದ ಮಗಳನ್ನು ಕರೆತಂದರು. ಎರಡು ವರ್ಷದಿಂದ ಇದ್ದ ಮಚ್ಚೆ. ಹುಡುಗಿ ಸಮಾರಂಭಗಳಿಗೆ ಹೋಗುವುದನ್ನೇ ಬಿಟ್ಟಿದ್ದಳು. ನೋಡಲು ಬಂದ ಗಂಡಿನ ಕಡೆಯವರು ಯಾರಿಂದಲೋ ಕೇಳಿ ಹಿಂದೆ ಸರಿದಿದ್ದರು. "ಇದು ಅಂಟುತ್ತಂತೆ, ಮಕ್ಕಳಿಗೂ ಬರುತ್ತಂತೆ" ಅಂತ ಊರೆಲ್ಲ ಮಾತು. ಆ ಹುಡುಗಿಗಿದ್ದದ್ದು ಲೈಕೆನ್. ಅಂಟುವ ಕಾಯಿಲೆಯೇ ಅಲ್ಲ. ಯಾರ ಶಾಪವೂ ಅಲ್ಲ, ನಾಗದೋಷವೂ ಅಲ್ಲ. ನಾನು ಹೇಳಿದ ಕಾಯಿಲೆಗಳಲ್ಲಿ ಅಂಟುವುದು ಬೂಷ್ಟು ಒಂದೇ, ಅದೂ ಮಾತ್ರೆಗೆ ಹೋಗುವಂಥದ್ದು. "ಕೂದಲು ಬರುತ್ತಾ ಡಾಕ್ಟ್ರೇ?" ಅಂತ ತಾಯಿ ಕೇಳಿದರು. ಮಚ್ಚೆಯ ಜಾಗಕ್ಕೆ ಇಲ್ಲ ಅಂದೆ. ಅವರು ಅತ್ತರು. ಹುಡುಗಿ ಅಳಲಿಲ್ಲ. "ಇನ್ನು ದೊಡ್ಡದಾಗೋದು ನಿಲ್ಲುತ್ತಾ ಸಾರ್?" ಅಂತ ಕೇಳಿದಳು. ಅದೇ ಸರಿಯಾದ ಪ್ರಶ್ನೆ. ನಿಂತಿತು. ಇವತ್ತಿಗೂ ಆ ಮಚ್ಚೆ ಅಷ್ಟೇ ಇದೆ, ಮೇಲೆ ಜಡೆ ಮುಚ್ಚುತ್ತದೆ. ಎರಡು ವರ್ಷ ಮುಂಚೆ ಬಂದಿದ್ದರೆ ಹುರುಳಿಕಾಳಿನಷ್ಟಕ್ಕೇ ನಿಲ್ಲುತ್ತಿತ್ತೇನೋ.

ತಾಯಂದಿರೇ, ದಿನಕ್ಕೆ ಎರಡು ಹೊತ್ತು ನೀವೆಲ್ಲ ಇದೇ ಡೇರಿಯ ಮುಂದೆ ಸೇರುತ್ತೀರಿ. ಹಾಲಿನ ಡಿಗ್ರಿ ಎಷ್ಟು, ಫ್ಯಾಟ್ ಎಷ್ಟು, ಯಾರ ಹಸು ಗಬ್ಬವಾಯಿತು ಎಂದು ಮಾತಾಡಿಕೊಳ್ಳುತ್ತೀರಿ. ಅದರ ಜೊತೆಗೆ ಇನ್ನೊಂದು ಮಾತು ಸೇರಿಸಿ. ಯಾರಾದರೂ ಸೆರಗು ಬಿಡದೆ ಹೊದ್ದಿದ್ದರೆ, ಯಾವುದಾದರೂ ಮಗು ತಲೆಯನ್ನು ಕೆರೆಯುತ್ತಲೇ ಇದ್ದರೆ, ಮರೆಯಲ್ಲಿ ಕರೆದು ಪ್ರೀತಿಯಿಂದ ಕೇಳಿ. ಆಡಿಕೊಳ್ಳಬೇಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ ಚೀಟಿ ಬರೆಸಿಕೊಂಡು, ಬೇಕಾದರೆ ಮೈಸೂರಿನ ಕೆ.ಆರ್. ಆಸ್ಪತ್ರೆ, ಬೆಂಗಳೂರಿನ ವಿಕ್ಟೋರಿಯಾ ಅಥವಾ ಬೌರಿಂಗ್ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಬಹುದು. ಒಬ್ಬರ ಕಷ್ಟವನ್ನು ಎಲ್ಲರೂ ಸೇರಿ ಹೊರುವುದೇ ಸಹಕಾರ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಇಪ್ಪತ್ತೈದು ವರ್ಷ ನೀವೇ ಮಾಡಿ ತೋರಿಸಿದ್ದೀರಿ.

ಇವತ್ತು ಊಟದ ನಂತರ ಶಾಲೆಯ ಕೊಠಡಿಯಲ್ಲಿ ನಾನು ಕೂತಿರುತ್ತೇನೆ. ಬಾಗಿಲಿಗೆ ಪರದೆ ಕಟ್ಟಿಸಿದ್ದೇವೆ, ಒಳಗೆ ನರ್ಸಮ್ಮ ಇರುತ್ತಾರೆ. ಒಬ್ಬೊಬ್ಬರಾಗಿ ಬನ್ನಿ, ಸಂಕೋಚಪಡಬೇಡಿ. ನಮ್ಮ ದೊಡ್ಡಮ್ಮನಿಗೆ ಹೇಳಲಾಗದ ಮಾತನ್ನು ನಿಮಗಾದರೂ ಹೊತ್ತಿಗೆ ಸರಿಯಾಗಿ ಹೇಳುವ ಅವಕಾಶ ನನಗೆ ಸಿಗಲಿ.

ಸಂಘವು ಸುವರ್ಣ ಮಹೋತ್ಸವವನ್ನೂ ಇಷ್ಟೇ ಸಂಭ್ರಮದಿಂದ ಆಚರಿಸಲಿ ಎಂದು ಹಾರೈಸಿ, ನನ್ನ ಮಾತು ಮುಗಿಸುತ್ತೇನೆ.